ಬಿಸುವಿನ ಸೌತೆ ಮಕರದಲ್ಲೇ ಮೊಳೆಯಬೇಕು

(ಮಕರ ಸಂಕ್ರಮಣ ಕಳೆದ ಭಾನುವಾರ, ಕುಂಬಳೆ ಸೀಮೆಯ ನಮ್ಮೂರ ವಾಚನಾಲಯದ ಅಂಗಳದಲ್ಲಿ ನಡೆದ ತರಕಾರಿ ಕಲಿಕೆಯ ದಿನ ಆಡಿದ ಮಾತು. ಹುಡುಗರು ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿ ಕೇಳಿ ಬರೆದಿದ್ದೇನೆ. ಕರೆಂಟು ಹೋದದ್ದು, ಪಕ್ಕದ ಮನೆಯ ಪಂಪು ಗುಂಯ್‌ಗುಟ್ಟಿದ್ದು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಲ್ಲ ನೀರು ಎಲ್ಲರಿಗೂ ಸಿಕ್ಕಿತಷ್ಟೆ? ಸಿಗದವರು ಹಿಂದೆ ಹೋಗಿ ಕುಡಿದು ಬನ್ನಿ, ನಾನೇನೂ ಓಡಿಹೋಗುವುದಿಲ್ಲ.

ಆಮಂತ್ರಣದಲ್ಲಿ ‘ವಸಂತಕ್ಕೆ ತಯಾರಿ’ ಎಂದು ಅಚ್ಚಾಗಿದೆ. ಶಬ್ದ ಚಂದ ಉಂಟು. ಆದರೆ ನಮ್ಮೂರಿಗೆ ವಸಂತ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಪಂಚಾಂಗ ಚೈತ್ರ, ವೈಶಾಖ ಎನ್ನುತ್ತದೆ. ಆ ತಿಂಗಳಲ್ಲಿ ನಮ್ಮ ಬಾವಿಗೆ ಇಣುಕಿದರೆ ತಳದ ಕಲ್ಲು ಲೆಕ್ಕ ಮಾಡಬಹುದು. ಮಧ್ಯಾಹ್ನ ಅಂಗಳಕ್ಕೆ ಬರಿಗಾಲಿಡಲಾಗದು. ಮಾವು, ಹಲಸು, ಗೇರುಹಣ್ಣು ಇರುತ್ತವೆ, ಅವೆಲ್ಲ ಬೇರು ಆಳಕ್ಕಿಳಿದ ಮರದವು. ಬಳ್ಳಿ ತರಕಾರಿಗೆ ಆಗ ಬೀಜ ಹಾಕಲು ಹೊರಟವನಿಗೆ ನೀರು ಹೊತ್ತು ಹೊತ್ತು ಹೆಗಲು ಹೋಗುತ್ತದೆ, ಕಾಯಿ ಆಗುವ ಹೊತ್ತಿಗೆ ಮಳೆ ಬಂದು ಬಳ್ಳಿ ಕೊಳೆಯುತ್ತದೆ.

ಹಾಗಾಗಿ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ, ಉಳಿದದ್ದೆಲ್ಲ ಅದರ ಬಾಲ. ನಮ್ಮ ವಸಂತದ ತರಕಾರಿಯನ್ನು ಬಿಸುವಿನಿಂದ, ಅಂದರೆ ನಮ್ಮ ಸೌರಮಾನದ ಹೊಸ ವರ್ಷದಿಂದ, ಹಿಂದಕ್ಕೆ ಎಣಿಸಬೇಕು. ಮತ್ತು ಎಷ್ಟು ಗುಂಡಿ ಎಂಬುದನ್ನು ಬಾವಿಯ ಹತ್ತಿರ ಕೇಳಿಕೊಳ್ಳಬೇಕು.

ನಮ್ಮ ಕೇರಳ ರಾಜ್ಯದಲ್ಲಿ ‘ಓಣತ್ತಿನ್ ಒರು ಮುರಂ ಪಚ್ಚಕ್ಕರಿ’ ಎಂಬ ಯೋಜನೆ ಉಂಟು. ಓಣಕ್ಕೊಂದು ಗೆರಸೆ ತರಕಾರಿ ಎಂದು ಅರ್ಥ. ಕೃಷಿಭವನದಿಂದ ಬೀಜದ ಪೊಟ್ಟಣ ಬರುತ್ತದೆ, ಎಲ್ಲರೂ ಹಾಕುತ್ತಾರೆ. ಒಳ್ಳೆಯದೇ. ಕೃಷಿ ಸಹಾಯಕನಾಗಿದ್ದಾಗ ನಾನೂ ಎಷ್ಟೋ ಪೊಟ್ಟಣ ಹಂಚಿದ್ದೇನೆ. ಆದರೆ ಓಣದ ಲೆಕ್ಕ ಮಳೆಗಾಲದ ಲೆಕ್ಕ. ಬೆಂಡೆ, ಹೀರೆ, ಪಡವಲ, ಮುಳ್ಳುಸೌತೆ ಅಂಗಳದ ಬದಿಯ ಚಪ್ಪರದಲ್ಲಿ ಮಳೆಯ ನೀರಿನಲ್ಲೇ ಬೆಳೆಯುವ ಕಾಲ ಅದು. ಬಿಸುವಿನದು ಗದ್ದೆಯ ಲೆಕ್ಕ. ಭತ್ತ ಕೊಯ್ದಾದ ಮೇಲೆ ಹುಣಿಯ, ಅಂದರೆ ಗದ್ದೆಬದುವಿನ, ನಡುವೆ ಖಾಲಿ ಬಿದ್ದಿರುತ್ತದಲ್ಲ, ಅಲ್ಲಿ ಸೌತೆ, ಕುಂಬಳ, ಚೀನಿಕಾಯಿ, ಅಲಸಂಡೆ, ಹರಿವೆ. ನಮ್ಮ ಹಿರಿಯರು ನೆಟ್ಟಿಕಾಯಿ ಎನ್ನುತ್ತಿದ್ದದ್ದು ಇದನ್ನೇ. ಈ ಎರಡನೆಯ ಲೆಕ್ಕ ಈಗ ಮರೆತುಹೋಗುತ್ತಾ ಉಂಟು. ಬಿಸುವಿನ ಬೆಳಿಗ್ಗೆ ಮೊದಲು ಕಣ್ಣಿಗೆ ಬೀಳಲೆಂದು ಜೋಡಿಸುವ ಕಣಿಗೆ ಇಡುವ ಸೌತೆಕಾಯಿಯನ್ನು ನಮ್ಮಲ್ಲಿ ಅರ್ಧಕ್ಕರ್ಧ ಮಂದಿ ಸಂತೆಯಿಂದ ತರುತ್ತೇವೆ. ಸುಳ್ಳಾದರೆ ಕೈ ಎತ್ತಿ. (ಆರೇಳು ಕೈ ಎದ್ದವು. ಅದರಲ್ಲಿ ಎರಡು ಮಕ್ಕಳದ್ದು.)

ಲೆಕ್ಕ ನೋಡುವ. ಬಿಸು ಏಪ್ರಿಲ್ 14ಕ್ಕೋ 15ಕ್ಕೋ ಬರುತ್ತದೆ. ಸೌತೆ ಹಾಕಿ ಎರಡು ತಿಂಗಳಿಗೆ ಎಳೆಯ ಹಸಿರು ಕಾಯಿ ಕೊಯ್ಯಲು ಸಿಗುತ್ತದೆ. ಕಣಿಗೆ ಹಸಿರು ಆಗುವುದಿಲ್ಲ, ಹಳದಿಗೆ ತಿರುಗಿ ಚಿನ್ನದ ಹಾಗೆ ಕಾಣಬೇಕು. ಅದಕ್ಕೆ ಎಪ್ಪತ್ತು ದಿನ ಬೇಕು, ಚಿಲ್ಲರೆ ಹೆಚ್ಚಾದರೂ ಅಡ್ಡಿಯಿಲ್ಲ. ಏಪ್ರಿಲ್ 14ರಿಂದ ಹಿಂದಕ್ಕೆ 72 ದಿನ ಎಣಿಸಿದರೆ ಫೆಬ್ರವರಿ 1. ಗುಂಡಿಗೆ ಸುಣ್ಣ ಹಾಕಿ ಎರಡು ವಾರ ಬಿಡಬೇಕು. ಅಲ್ಲಿಗೆ ಎಲ್ಲಿಗೆ ಬಂತು? ಇವತ್ತಿಗೆ ಬಂತು. ಊಟ ಆದ ಮೇಲೆ ಎಲ್ಲರೂ ಹಾರೆ ಹಿಡಿದು ಕೆಳಗಿನ ಗದ್ದೆಗೆ ಇಳಿಯಬೇಕೆಂದು ಕಾರ್ಯಕ್ರಮದಲ್ಲಿ ಬರೆದದ್ದು ಅದಕ್ಕೇ. ಊಟ ಮಾಡಿ ಜಾರಿಕೊಳ್ಳುವವರ ಹೆಸರು ನನಗೆ ಈಗಲೇ ಗೊತ್ತು.

ಇನ್ನು ಸೌತೆಯ ವಿಷಯ. ಇಲ್ಲಿ ಹೆಸರಿನ ಗೊಂದಲ ಒಂದುಂಟು. ಬೆಂಗಳೂರಿನಲ್ಲಿ ಸೌತೆಕಾಯಿ ಕೊಡಿ ಎಂದರೆ ಹಸಿಯಾಗಿ ಕೊಯ್ದು ಉಪ್ಪು ಹಚ್ಚಿ ತಿನ್ನುವುದನ್ನು ಕೊಡುತ್ತಾರೆ, ನಾವು ಮುಳ್ಳುಸೌತೆ ಎನ್ನುವುದನ್ನು. ನಮ್ಮ ಸಾಂಬಾರು ಸೌತೆಗೆ ಅಲ್ಲಿ ಮಂಗಳೂರು ಸೌತೆ ಎಂದು ಹೆಸರು. ಮಲಯಾಳದಲ್ಲಿ ವೆಳ್ಳರಿ. ಕುಲ ನೋಡಿದರೆ ಇದು ಮುಳ್ಳುಸೌತೆಯ ಖಾಸಾ ಅಣ್ಣತಮ್ಮ ಅಲ್ಲ, ಕರಬೂಜದ್ದು. ಸೌತೆ, ಕರಬೂಜ ಎರಡೂ ಸಸ್ಯಶಾಸ್ತ್ರದಲ್ಲಿ ಒಂದೇ ಜಾತಿ. ಇದನ್ನು ಪಾಂಡಿತ್ಯ ತೋರಿಸಲು ಹೇಳುತ್ತಿಲ್ಲ. ಸೌತೆಯ ಹತ್ತಿರ ಮುಳ್ಳುಸೌತೆ ಇದ್ದರೆ ಬೀಜ ಕೆಡುವುದಿಲ್ಲ. ಹತ್ತಿರ ಕರಬೂಜ ಹಾಕಿದರೆ ಜೇನುನೊಣ ಅದರ ಪರಾಗ ತಂದು ಇದಕ್ಕೆ ಹಚ್ಚುತ್ತದೆ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಮುಂದಿನ ವರ್ಷ ಆ ಬೀಜ ಹಾಕಿದಾಗ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಕಾಯಿ ಹುಟ್ಟುತ್ತದೆ. ಊರಿನ ಬೀಜ ಉಳಿಸುತ್ತೇವೆಂದು ಹೊರಟವರಿಗೆ ಇದು ಗೊತ್ತಿರಬೇಕು.

ಬೀಜ ಉಳಿಸುವುದೆಂದಾಗ ನನಗೆ ನಮ್ಮ ಹಳೆಯ ಮನೆಯ ಅಡಿಗೆಕೋಣೆಯ ಗೋಡೆ ನೆನಪಾಗುತ್ತದೆ. ಅಮ್ಮ ಚಂದದ ಎರಡು ಸೌತೆ ಆರಿಸಿ, ಬಾಳೆನಾರಿನಿಂದ ಜಂತಿಗೆ ತೂಗುಹಾಕುತ್ತಿದ್ದರು. ಉಳಿದವು ಮಳೆಗಾಲದ ಆಟಿ, ಸೋಣ ತಿಂಗಳವರೆಗೆ ಒಂದೊಂದೇ ಇಳಿದು ಹುಳಿಗೆ ಹೋಗುತ್ತಿದ್ದವು. ಆ ಎರಡಕ್ಕೆ ಕೈ ಹಾಕುವ ಹಾಗಿಲ್ಲ. ಕೊಯ್ದ ದಿನ ಬೀಜವನ್ನು ತೊಳೆದು, ಬೂದಿ ಬೆರೆಸಿ, ಒಲೆಯ ಮೇಲ್ಗಡೆ ಗೋಡೆಗೆ ಅಂಗೈಯಗಲ ಮೆತ್ತಿ ಬಿಡುವುದು. ಒಣಗಿದಾಗ ಗೋಡೆಯಲ್ಲಿ ಬೂದುಬಣ್ಣದ ಚಕ್ಕುಲಿ ಅಂಟಿದ ಹಾಗೆ ಕಾಣುತ್ತಿತ್ತು. ಹೊಗೆ ತಾಗಿ ಹುಳ ಬರುತ್ತಿರಲಿಲ್ಲ. ಹಾಕುವ ಕಾಲಕ್ಕೆ ಅದನ್ನು ಕೆರೆದು ತೆಗೆದರಾಯಿತು. ಈಗ ಗೋಡೆಗೆ ಟೈಲ್ಸು, ಒಲೆಗೆ ಗ್ಯಾಸು, ಬೀಜ ಮೆತ್ತಲು ಜಾಗವಿಲ್ಲ. ಬೂದಿಯಲ್ಲಿ ಹೊರಳಿಸಿ ಒಣಗಿಸಿ ಬಾಟ್ಲಿಯಲ್ಲಿ ಹಾಕಿ ಬಾಯಿ ಬಿಗಿಯಾಗಿ ಮುಚ್ಚಿ ಇಡಿ. ಸಾಕು.

ಹಾಕುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ. ತೇಲಿದ್ದನ್ನು ಚೆಲ್ಲಿ. ಸ್ಯೂಡೋಮೊನಾಸ್ ಎಂಬ, ರೋಗ ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ ಇದ್ದರೆ ಲೀಟರಿಗೆ 20 ಗ್ರಾಂ ಕದಡಿದ ನೀರಿನಲ್ಲೇ ನೆನೆಸಬಹುದು. ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಡಿ. ಬಾಯಿ ಒಡೆದ ಬೀಜ ಹಾಕಿದರೆ ಇರುವೆಗೆ ಹೊತ್ತೊಯ್ಯಲು ಪುರುಸೊತ್ತು ಸಿಗುವುದಿಲ್ಲ. ಒಂದು ಗುಂಡಿಗೆ ನಾಲ್ಕೈದು ಬೀಜ, ಎರಡೆಲೆ ಬಂದ ಮೇಲೆ ಮೂರು ಉಳಿಸಿ ಬಾಕಿಯದನ್ನು ಕೀಳಿ. ಕೀಳಲು ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಐದೂ ಬಿಟ್ಟರೆ ಎಲೆ ಮಾತ್ರ ಸಿಗುತ್ತದೆ.

ಗುಂಡಿ ಎಂದರೆ ಎರಡಡಿ ಅಗಲ, ಒಂದರಿಂದ ಒಂದೂವರೆ ಅಡಿ ಆಳ. ಸಾಲಿನಿಂದ ಸಾಲಿಗೆ 2 ಮೀಟರು, ಗುಂಡಿಯಿಂದ ಗುಂಡಿಗೆ ಒಂದೂವರೆ ಮೀಟರು. ಇಷ್ಟು ದೂರವೇ ಎಂದು ಈಗ ಅನ್ನಿಸುತ್ತದೆ. ಮೀನ ತಿಂಗಳಲ್ಲಿ, ಮಾರ್ಚ್-ಏಪ್ರಿಲ್ ಹೊತ್ತಿಗೆ, ಬಂದು ನೋಡಿ, ಕಾಲಿಡಲು ಜಾಗ ಇರುವುದಿಲ್ಲ. ಅಡಿಯಲ್ಲಿ ತೆಂಗಿನ ಸಿಪ್ಪೆಯನ್ನು ತಗ್ಗು ಮೇಲಾಗುವ ಹಾಗೆ ಹಾಸಿದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಇದೇನು ಹೊಸ ವಿದ್ಯೆಯಲ್ಲ. ಕೂಡ್ಲಿನಲ್ಲಿ 1916ರಲ್ಲಿ ಮದ್ರಾಸ್ ಸರಕಾರ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತಲ್ಲ, ಈಗ ನಾವೆಲ್ಲ ಸಿಪಿಸಿಆರ್‌ಐ ಎನ್ನುವುದು, ಅವರೂ ತೆಂಗಿನ ಬುಡಕ್ಕೆ ಸಿಪ್ಪೆ ಹೂಳುವ ಇದೇ ಕ್ರಮ ಹೇಳುತ್ತಾರೆ. ಸಿಪ್ಪೆಯ ಮೇಲೆ ಹಟ್ಟಿಗೊಬ್ಬರ, ಅದರ ಮೇಲೆ ಒಂದು ಬುಟ್ಟಿ ಸುಡುಮಣ್ಣು.

ಸುಡುಮಣ್ಣು ಮಾಡಿ ನೋಡಿದ ಮಕ್ಕಳು ಎಷ್ಟು ಮಂದಿ? ಯಾರೂ ಇಲ್ಲ. ಸರಿ, ಇವತ್ತು ಸಂಜೆ ಒಂದು ರಾಶಿಗೆ ಕಿಚ್ಚು ಕೊಡುವ. ಒಣಗಿದ ತರಗೆಲೆ, ಮಡಲಿನ ಚೂರು, ಸೋಗೆ, ಗದ್ದೆಯ ಕಳೆಬೇರು ಎಲ್ಲ ಒಟ್ಟಿ, ಮೇಲಿಂದ ಮಣ್ಣು ಮುಚ್ಚಿ, ಗಾಳಿ ಹೋಗಲು ಒಂದು ಬದಿ ಸ್ವಲ್ಪ ತೆರೆದಿಟ್ಟು ಬೆಂಕಿ ಕೊಡುವುದು. ಧಗಧಗ ಉರಿಯಬಾರದು, ಎರಡು ಮೂರು ದಿನ ಒಳಗೊಳಗೇ ಹೊಗೆಯಾಡುತ್ತಾ ಬೇಯಬೇಕು. ತಣಿದ ಮೇಲೆ ಕೈಯಲ್ಲಿ ಹಿಡಿದರೆ ಹುಡಿಹುಡಿ, ಅರ್ಧ ಕಪ್ಪು ಅರ್ಧ ಇಟ್ಟಿಗೆಯ ಬಣ್ಣ. ಬೂದಿಯಲ್ಲಿ ಪೊಟ್ಯಾಷ್ ಉಂಟು, ಹುಳಿ ಮಣ್ಣಿನ ಹುಳಿಯೂ ಸ್ವಲ್ಪ ಇಳಿಯುತ್ತದೆ, ಕಳೆಬೀಜ ಸಾಯುತ್ತದೆ. ಮೇಲ್ಮಣ್ಣು ಸುಟ್ಟರೆ ಅದರೊಳಗಿನ ಜೀವವೂ ಸಾಯುತ್ತದಲ್ಲ ಎಂದು ಓದಿದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗದ್ದೆಯಿಡೀ ಸುಡಿ ಎಂದು ಯಾರೂ ಹೇಳಿಲ್ಲ, ಗುಂಡಿಗೊಂದು ಬುಟ್ಟಿಗೆ ಬೇಕಾದಷ್ಟು. ಮತ್ತೆ ದಮ್ಮಯ್ಯ, ಬಿಸ್ಕುಟಿನ ಪ್ಲಾಸ್ಟಿಕ್ಕನ್ನು ಆ ರಾಶಿಗೆ ಹಾಕಬೇಡಿ.

ಮಣ್ಣು ಹುಳಿ ಎಂದೆ. ನಾಲಗೆಗೆ ಹಾಕಿ ನೋಡಬೇಡಿ. ನಮ್ಮದು ಮುರಕಲ್ಲು ಕರಗಿ ಆದ ಮಣ್ಣು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವಲ್ಲಿ ಮಣ್ಣಿನ ಸುಣ್ಣದ ಸತ್ವ ತೊಳೆದುಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತದೆ. ಕೆಂಪು ಆ ಕಬ್ಬಿಣದ್ದೇ. ಇಂಥ ಮಣ್ಣಿನಲ್ಲಿ ಗೊಬ್ಬರ ಎಷ್ಟು ಸುರಿದರೂ ಗಿಡ ಅದನ್ನು ಪೂರ್ತಿ ಎಳೆದುಕೊಳ್ಳುವುದಿಲ್ಲ. ಸೆಂಟಿಗೆ, ಅಂದರೆ ಎಕರೆಯ ನೂರರಲ್ಲೊಂದು ಪಾಲಿಗೆ, 2-3 ಕಿಲೋ ಸುಣ್ಣ ಹಾಕಬೇಕು. ನಮ್ಮಲ್ಲಿ ಕುಮ್ಮಾಯ ಎಂದರೆ ಅಂಗಡಿಯವನಿಗೆ ಬೇಗ ಅರ್ಥವಾಗುತ್ತದೆ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಂತೆಂದರೆ ದುಡ್ಡು ಹೋಯಿತೆಂದು ಲೆಕ್ಕ. ಇವತ್ತು ಸುಣ್ಣ, ಎರಡು ವಾರ ಬಿಟ್ಟು ಗೊಬ್ಬರ. ಸಿಪ್ಪೆ ಹಾಸುವುದೂ ಆವತ್ತೇ.

ನಡುವೆ ಒಂದು ಮಾತು. ಈ ಎಲ್ಲ ಸಂಗತಿ ಬರೆದ ಕರಪತ್ರಗಳು ನಮಗೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಓದಲು ಬಾರದವರು ಮಕ್ಕಳಿಂದ ಓದಿಸಿಕೊಳ್ಳುತ್ತಾರೆ. ಕನ್ನಡದ್ದು ಬೇಕೆಂದು ಘಟ್ಟದ ಮೇಲಿನಿಂದ ತರಿಸಿದರೆ ಅದರಲ್ಲಿ ಯುಗಾದಿ, ಕಪ್ಪುಮಣ್ಣು, ನಾಲೆ ನೀರು ಎಂದೆಲ್ಲ ಇರುತ್ತದೆ. ಭಾಷೆ ನಮ್ಮದು, ಮಣ್ಣು ನಮ್ಮದಲ್ಲ. ಮಲಯಾಳದ್ದರಲ್ಲಿ ಮಣ್ಣು ನಮ್ಮದು, ಭಾಷೆ ಅಲ್ಲ. ಈ ವಾಚನಾಲಯದವರು ಇವತ್ತಿನ ಮಾತುಕತೆಯನ್ನು ಕನ್ನಡದಲ್ಲಿ ನಾಲ್ಕು ಪುಟ ಮಾಡಿ ಹಂಚಿದರೆ ನನ್ನ ಪುಸ್ತಕದ ಬಾಕಿ ದಂಡ ಕಟ್ಟಿಬಿಡುತ್ತೇನೆ.

ಈಗ ಬಾವಿಯ ಹತ್ತಿರ ಹೋಗುವ. ಹೂ ಬಿಟ್ಟ ಮೇಲೆ ಒಂದು ಗುಂಡಿಗೆ ಒಂದು ಹೊತ್ತಿಗೆ ಒಂದು ಕೊಡಪಾನ, ಅಂದಾಜು 10 ಲೀಟರು ನೀರು ಇಟ್ಟುಕೊಳ್ಳಿ. 30 ಗುಂಡಿಗೆ 300 ಲೀಟರು. ಎರಡೂವರೆ ಮೀಟರು ಅಗಲದ ದುಂಡು ಬಾವಿಯಲ್ಲಿ 300 ಲೀಟರು ಎಂದರೆ ಸುಮಾರು 6 ಸೆಂಟಿಮೀಟರು ಎತ್ತರದ ನೀರು. ನಾಲ್ಕು ಬೆರಳಿಗಿಂತ ಕಡಿಮೆ. ಕೇಳಲು ಏನೂ ಅಲ್ಲ. ಆದರೆ ಆ ನಾಲ್ಕು ಬೆರಳು ಮರುದಿನ ಬೆಳಿಗ್ಗೆ ತಿರುಗಿ ಬರುತ್ತದಾ? ಹಗ್ಗಕ್ಕೆ ಒಂದು ಗಂಟು ಹಾಕಿ ನೋಡಿ. ಜನವರಿಯಲ್ಲಿ ಬರುತ್ತದೆ, ರಾತ್ರಿಗೇ ಬರುತ್ತದೆ. ಮಾರ್ಚ್ ಇಪ್ಪತ್ತರ ನಂತರ? ಅಲ್ಲೇ ಎಡವುವುದು. ಗುಂಡಿ ತೆಗೆಯುವಾಗ ನಾವು ಮಕರದ ಬಾವಿಯನ್ನು ನೋಡಿ ತೆಗೆಯುತ್ತೇವೆ, ನೀರು ಹೊಯ್ಯಬೇಕಾದ್ದು ಮೀನದ ಬಾವಿಯಿಂದ. ಹೋದ ವರ್ಷ ಬಿಸುವಿನ ಹೊತ್ತಿಗೆ ನಿಮ್ಮ ಬಾವಿ ಹೇಗಿತ್ತು, ಪಕ್ಕದ ಮನೆಯವರಿಗೆ ಕುಡಿಯಲು ಕೊಡಬೇಕಾಗಿ ಬಂದಿತ್ತೋ ನೆನಪು ಮಾಡಿಕೊಳ್ಳಿ. ಆಮೇಲೆ ಮೂವತ್ತೋ ಹತ್ತೋ ತೀರ್ಮಾನ ಮಾಡಿ. ಐದು ಗುಂಡಿಯಾದರೂ ಕಣಿಗೆ ಸಾಕು.

ಸುರಂಗ ಇದ್ದವರು ಪುಣ್ಯವಂತರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟೇ ಅಗಲದಲ್ಲಿ, ದೀಪ ಹಿಡಿದು ಕೋಲುಗಟ್ಟಲೆ ಒಳಗೆ ಹೋಗಿ ನೀರು ಹುಡುಕಿದ ಕೆಲಸ ಅದು. ಪಂಪು ಬೇಡ, ಕರೆಂಟು ಬೇಡ, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತದೆ. ಅಂಥವರು ಕೂಡ ಮೇಲಿನ ಗುಡ್ಡ ಬೋಳಾದರೆ ಒಳಗಿನ ಒಸರು ನಿಲ್ಲುತ್ತದೆಂದು ಮರೆಯಬಾರದು. ತೋಡಿನ ಬದಿಯವರಿಗೆ ಕಟ್ಟ ಉಂಟು, ಹರಿಯುವ ನೀರನ್ನು ತಡೆದು ನಿಲ್ಲಿಸುವ ಒಡ್ಡು. ಏತಡ್ಕದವರು ತೋಡಿಗೆ ಸಾಲುಸಾಲಾಗಿ ಕಟ್ಟ ಕಟ್ಟುವುದನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಒಂದರ ನೀರು ಇನ್ನೊಂದರ ಬುಡಕ್ಕೆ ತಾಗಿ ನಿಲ್ಲುತ್ತದೆ, ಕಟ್ಟದ ಲಾಭ ಕಟ್ಟಿದವನಿಗಿಂತ ಆಚೀಚೆಯ ಬಾವಿಗಳಿಗೆ ಹೆಚ್ಚು. ನಮ್ಮ ತೋಡಿನಲ್ಲಿ ಈ ವರ್ಷ ಕಟ್ಟ ಆಗಲಿಲ್ಲ. ಡಿಸೆಂಬರಿನಲ್ಲೇ ಆಗಬೇಕಿತ್ತು. ಕೂಲಿಗೆ ಜನ ಇಲ್ಲ ಎಂದೆವು, ಆಮೇಲೆ ಬ್ರಹ್ಮಕಲಶದ ಗಡಿಬಿಡಿ ಎಂದೆವು. ಇವತ್ತು ಇಲ್ಲಿ ನೂರು ಮಂದಿ ಇದ್ದೇವೆ. ನಾನು ಹೆಚ್ಚು ಹೇಳುವುದಿಲ್ಲ.

ಗ್ರೋಬ್ಯಾಗಿನವರು ನನ್ನ ಮೇಲೆ ಸಿಟ್ಟು ಮಾಡಬಾರದು. ಟೆರೇಸು ಮಾತ್ರ ಇರುವವರಿಗೆ ಅದು ಸರಿ. ಗದ್ದೆ ಹಡಿಲು ಬಿಟ್ಟು ಟೆರೇಸಿನಲ್ಲಿ ಚೀಲ ಇಡುವವರನ್ನು ನೋಡಿದರೆ ನನಗೆ ಅರ್ಥವಾಗುವುದಿಲ್ಲ. ಮಾರ್ಚಿನ ಬಿಸಿಲಿಗೆ ಕಾಂಕ್ರೀಟಿನ ಮೇಲಿನ ಚೀಲ ದಿನಕ್ಕೆ ಎರಡು ಸಲ ಒಣಗುತ್ತದೆ.

ಈಗ ನನ್ನ ಒಂದು ಮರ್ಯಾದೆ ಹೋದ ಕಥೆ. ಕೆಲಸಕ್ಕೆ ಸೇರಿದ ಹೊಸತು. ಹುರುಪು ಹೆಚ್ಚು. ಟೊಮೆಟೊಗೆ ರೇಟು ಏರಿದ ವರ್ಷ, ಒಂದು ಮಹಿಳಾ ಸಂಘದವರ ಹತ್ತಿರ ಟೊಮೆಟೊ ಹಾಕಿಸಿದೆ. ಇನ್ನೂರು ಸಸಿ. ಘಟ್ಟದ ಮೇಲೆ ಚೆನ್ನಾಗಿ ಬರುವ ತಳಿ, ನಾನೇ ತರಿಸಿದ್ದು. ಹೂ ಬಂತು, ಮಿಡಿ ಕಂಡಿತು. ಒಂದು ದಿನ ಮಧ್ಯಾಹ್ನ ಹತ್ತು ಗಿಡ ತಲೆ ಬಾಗಿಸಿ ನಿಂತಿವೆ. ಎಲೆ ಹಸಿರಾಗಿಯೇ ಉಂಟು, ಹಳದಿಯಾಗಿಲ್ಲ, ಚುಕ್ಕೆ ಇಲ್ಲ. ಬಿಸಿಲಿಗೆ ಬಾಡಿದ್ದು, ನೀರು ಬಿಡಿ ಎಂದೆ. ಸಾಲಿನ ತಲೆಯಿಂದ ಬುಡದವರೆಗೆ ಚೆನ್ನಾಗಿ ನೀರು ಬಿಟ್ಟರು. ನಾಲ್ಕು ದಿನದಲ್ಲಿ ಆ ಸಾಲು ಪೂರ್ತಿ ಹೋಯಿತು, ಎರಡು ವಾರದಲ್ಲಿ ಗದ್ದೆಯೇ ಹೋಯಿತು. ಸಂಘದ ಅಕ್ಕ ಒಬ್ಬರು, “ಸರ್, ನೀವು ಹೇಳಿದ್ದನ್ನೇ ಮಾಡಿದ್ದಲ್ಲವಾ” ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮಣ್ಣಿನಲ್ಲೇ ಇರುತ್ತದೆ, ಬೇರಿನ ಗಾಯದಿಂದ ಒಳಗೆ ಹೋಗಿ ನೀರೇರುವ ಕೊಳವೆಯನ್ನು ಕಟ್ಟುತ್ತದೆ. ಮೇಲೆ ನೀರು ಸಿಗದೆ ಗಿಡ ಹಸಿರಾಗಿರುವಾಗಲೇ ಬಾಡುತ್ತದೆ. ಮತ್ತೆ ಅದು ಹರಡುವುದು ನೀರಿನೊಟ್ಟಿಗೆ. ನಾನು ಬಿಡಿಸಿದ ನೀರು ರೋಗವನ್ನು ಸಾಲಿಡೀ ಹಂಚಿತು.

ಗುರುತು ಹಿಡಿಯುವುದು ಹೇಗೆಂದು ತೋರಿಸುತ್ತೇನೆ. ಇದು ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಗ್ರೋಬ್ಯಾಗಿನಿಂದ ಕೇಳಿ ತಂದ ಟೊಮೆಟೊ ದಂಟು. ಬುಡದ ಹತ್ತಿರ ಓರೆಯಾಗಿ ಕೊಯ್ಯುತ್ತೇನೆ. ಈ ಗಾಜಿನ ಲೋಟದ ನೀರಿಗೆ ಕೊಯ್ದ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯುತ್ತೇನೆ. ಯಾರೂ ಮೇಜು ಅಲುಗಿಸಬೇಡಿ. ಈಗ ನೋಡಿ. (ಮುಂದಿನ ಸಾಲಿನ ಮಕ್ಕಳು ಎದ್ದು ಬಂದು ಸುತ್ತ ನಿಂತರು. ಒಂದೆರಡು ನಿಮಿಷ ಕಳೆಯಿತು. ಕೊಯ್ದ ತುದಿಯಿಂದ ಬಿಳಿಯ ನೂಲಿನಂಥದ್ದು ಇಳಿಯತೊಡಗಿತು. “ಬೀಡಿ ಹೊಗೆ ಕೆಳಗೆ ಹೋದ ಹಾಗೆ ಉಂಟು” ಎಂದ ಒಬ್ಬ ಹುಡುಗ. ಇಷ್ಟು ಸರಿಯಾದ ಹೋಲಿಕೆ ನಾನು ಎಲ್ಲಿಯೂ ಓದಿಲ್ಲ. ಆದರೆ ಅವನ ಅಪ್ಪ ಅಲ್ಲೇ ಹಿಂದೆ ಕುಳಿತಿದ್ದರು.)

ಆ ಹಾಲಿನ ನೂಲು ಇಡೀ ಬ್ಯಾಕ್ಟೀರಿಯಾ. ಇದು ಕಂಡರೆ ಮದ್ದು ಹುಡುಕಬೇಡಿ, ಮದ್ದಿಲ್ಲ. ಗಿಡವನ್ನು ಬೇರುಸಮೇತ ಕಿತ್ತು ಸುಡಿ, ಆ ಜಾಗಕ್ಕೆ ಸುಣ್ಣ ಹಾಕಿ, ಲೋಟದ ನೀರನ್ನು ತೋಟಕ್ಕೆ ಚೆಲ್ಲಬೇಡಿ. ಆ ಮಣ್ಣಿಗೆ ಮರುವರ್ಷ ಟೊಮೆಟೊ, ಬದನೆ, ಮೆಣಸು ಬೇಡ, ಮೂರೂ ಒಂದೇ ಮನೆತನ. ಅಲಸಂಡೆಯೋ ಸೌತೆಯೋ ಇರಲಿ. ಟೊಮೆಟೊ ಬೇಕೇ ಬೇಕೆಂದರೆ ರೋಗ ತಡೆಯುವ ತಳಿ ಕೇಳಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಉಂಟು. ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಕೂಡ ಈ ರೋಗ ತಡೆಯುತ್ತದೆ, ಆದರೆ ಅದು ಹೈಬ್ರಿಡ್, ಬೀಜ ಇಟ್ಟುಕೊಳ್ಳಲು ಆಗುವುದಿಲ್ಲ. ಗುಡ್ಡದ ಸುಂಡೆ ಗಿಡದ ಬುಡಕ್ಕೆ ಬದನೆ ಕಸಿ ಕಟ್ಟಿದರೂ ಆಗುತ್ತದೆ. ಕಸಿ ಕಲಿಯುವ ಆಸೆ ಇರುವ ಹುಡುಗರು ಊಟದ ನಂತರ ನನ್ನ ಹತ್ತಿರ ಬನ್ನಿ, ಬ್ಲೇಡು ತಂದಿದ್ದೇನೆ.

ಹರಿವೆ, ಬಸಳೆಗೆ ಹೆಚ್ಚು ಹೇಳಲಿಕ್ಕಿಲ್ಲ. ಬಸಳೆ ಬಚ್ಚಲ ನೀರಿಗೆ ಬದುಕುತ್ತದೆ, ಹೆಬ್ಬೆರಳು ದಪ್ಪದ ದಂಟು ಊರಿ ಚಪ್ಪರ ಕೊಟ್ಟರೆ ಸಾಕು. ಹರಿವೆಗೆ ಮೇಲಿಂದ ನೀರು ಚಿಮುಕಿಸಬೇಡಿ, ಬುಡಕ್ಕೆ ಹೊಯ್ಯಿರಿ. ಕೆಂಪು ಹರಿವೆಯ ಎಲೆಗೆ ಬಿಳಿ ಚುಕ್ಕೆ ಬರುತ್ತದಲ್ಲ, ಅದು ಎಲೆಯಿಂದ ಎಲೆಗೆ ನೀರಿನ ಹನಿಯಲ್ಲೇ ಹಾರುತ್ತದೆ. ಕೆಂಪಿನ ನಡುವೆ ಸಿಒ-1 ಎಂಬ ತಳಿಯ ಹಸಿರು ಹರಿವೆ ಬೆರೆಸಿ ಬಿತ್ತಿದರೆ ರೋಗ ಕಡಿಮೆ. ನೋಡಲೂ ಲಕ್ಷಣ.

ಹಿಂದಿನ ಸಾಲಿನ ಅಕ್ಕ ಒಬ್ಬರು ಚೀಟಿ ಕಳಿಸಿದ್ದಾರೆ. “ಅಣ್ಣಾ, ನಮ್ಮ ಸೌತೆ ಬಳ್ಳಿಯ ಹೂವೆಲ್ಲ ಉದುರುತ್ತದೆ, ಏನು ಹೊಡೆಯಬೇಕು?” ಏನೂ ಹೊಡೆಯಬೇಡಿ ಅಕ್ಕ. ಮೊದಲು ಬರುವುದು ಗಂಡು ಹೂ, ಅದು ಉದುರಲೇಬೇಕು. ಹೂವಿನ ಹಿಂದೆ ಪುಟ್ಟ ಮಿಡಿ ಇರುವುದು ಆಮೇಲೆ ಬರುತ್ತದೆ. ಅದೂ ಉದುರಿದರೆ ಜೇನುನೊಣ ಬರುತ್ತಿಲ್ಲ ಎಂದರ್ಥ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ ನೋಡಿ. ನೊಣ ಕಾಣದಿದ್ದರೆ ಗಂಡು ಹೂವನ್ನು ಕಿತ್ತು ಎಸಳು ತೆಗೆದು ಮಿಡಿ ಇರುವ ಹೂವಿನ ನಡುವೆ ಮೆಲ್ಲನೆ ಸವರಿ.

ಮಿಡಿ ಕೋಳಿಮೊಟ್ಟೆಯಷ್ಟಾಗುವ ಮೊದಲು ಬರುವ ವೈರಿ ಹಣ್ಣುನೊಣ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಳಗೆ ಹುಳ. ಕಾಯಿ ಒಂದು ಬದಿ ಸೊಟ್ಟವಾಗಿ ಹಳದಿಯಾಗಿ ಕೊಳೆಯುತ್ತದೆ. ಅಂಥ ಕಾಯಿಯನ್ನು ಹುಣಿಗೆ ಎಸೆಯುವುದೇ ನಾವು ಮಾಡುವ ದೊಡ್ಡ ತಪ್ಪು. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಕೊಲ್ಲಿ, ಇಲ್ಲವೇ ಆಳವಾಗಿ ಹೂಳಿ. ಮಿಡಿಗೆ ಪೇಪರಿನದ್ದೋ ಬಟ್ಟೆಯದ್ದೋ ಚೀಲ ಕಟ್ಟುವುದು ಎಲ್ಲಕ್ಕಿಂತ ಗಟ್ಟಿ ಉಪಾಯ. ಮೋಹಕ ಬಲೆ ಸಿಗುತ್ತದೆ, ಕ್ಯೂಲೂರ್ ಎಂದು ಕೇಳಿ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಒಬ್ಬರು ಕಟ್ಟಿದರೆ ಸಾಲದು, ಬಯಲಿನವರೆಲ್ಲ ಕಟ್ಟಬೇಕು.

ಮೊದಲು ನಾವು ಗೆರಟೆಯಲ್ಲಿ ಬಾಳೆಹಣ್ಣಿಟ್ಟು ಅದಕ್ಕೆ ಫ್ಯುರಡಾನ್ ಎಂಬ ಕೀಟನಾಶಕದ ಹರಳು ಉದುರಿಸಿ ತೂಗುಹಾಕುತ್ತಿದ್ದೆವು. ನಾನೇ ಹೇಳಿಕೊಟ್ಟಿದ್ದೇನೆ. 2011ರಲ್ಲಿ ಕೇರಳ ಸರಕಾರ ನಿಷೇಧಿಸಿದ ವಿಷಗಳ ಪಟ್ಟಿಯಲ್ಲಿ ಅದೂ ಸೇರಿತು. ಅದೇ ವರ್ಷ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ದೇಶದಲ್ಲಿಡೀ ತಡೆಯಿತು. ಆ ವಿಷ ಬಿದ್ದ ಎಣ್ಮಕಜೆಯ ಪಡ್ರೆಯಿಂದ ಇಲ್ಲಿಗೆ ಬಂದವರು ಇವತ್ತು ನಮ್ಮ ನಡುವೆ ಇದ್ದಾರೆ. ಗೇರುತೋಟದ ಮೇಲೆ ಹೆಲಿಕಾಪ್ಟರು ಬರುವ ದಿನ ಬಾವಿಗೆ ಸೊಪ್ಪು ಮುಚ್ಚಿ ಎಂದು ಡಂಗುರ ಸಾರಿದ ಕಾಲವನ್ನು ಅವರು ಹೇಳಬೇಕು, ನಾನಲ್ಲ. ಇಪ್ಪತ್ತು ವರ್ಷಕ್ಕೂ ಮೀರಿ, 2000ದವರೆಗೂ ಅದು ನಡೆಯಿತು. ಈ ಜಿಲ್ಲೆಯಲ್ಲಿ ಯಾರಾದರೂ ‘ಸ್ವಲ್ಪ ಹೊಡೆದರೆ ಏನಾಗುತ್ತದೆ’ ಎಂದು ಕೇಳಿದರೆ ನನಗೆ ಉತ್ತರ ಕೊಡುವ ತಾಳ್ಮೆ ಇಲ್ಲ. ಬೆಳಿಗ್ಗೆ ಇಬ್ಬನಿ ಇರುವಾಗ ಎಲೆಗೆ ಒಲೆಬೂದಿ ಎರಚಿ, ಕೆಂಪು ದುಂಬಿ ದೂರ ಹೋಗುತ್ತದೆ. ಎರಡು ಕಾಯಿ ಹೋಗುವುದಿದ್ದರೆ ಹೋಗಲಿ.

ಕೊನೆಗೆ ಒಂದು ದಿನದ ವಿಷಯ. ಫೆಬ್ರವರಿ ಎರಡನೆಯ ವಾರದಲ್ಲಿ, ಮಕರ ಮುಗಿದು ಕುಂಭ ಹುಟ್ಟುವಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಹಾರೆ, ಪಿಕ್ಕಾಸು ಮುಟ್ಟುವ ಹಾಗಿಲ್ಲ, ಹಸಿ ಕಡಿಯುವ ಹಾಗಿಲ್ಲ. ನೆಲಕ್ಕೆ ಎಣ್ಣೆ ಬಿಟ್ಟು, ಹುರಿದ ಅಕ್ಕಿಹುಡಿಯ ನನ್ನೇರಿ ತಿಂದು ಕುಳಿತುಕೊಳ್ಳುವುದು. ನಂಬುವವರು ನಂಬಿ, ನಂಬದವರು ಲೆಕ್ಕ ನೋಡಿ. ಫೆಬ್ರವರಿ ಒಂದಕ್ಕೆ ಹಾಕಿದ ಬೀಜಕ್ಕೆ ಆಗ ಹತ್ತು ದಿನ, ಬೇರು ಮಣ್ಣು ಹಿಡಿಯುವ ಹೊತ್ತು. ಬುಡ ಕೆದಕಿದರೆ ಸಸಿ ಹೋಯಿತು. ಮೂರು ದಿನ ನೀರು ಮಾತ್ರ ಹೊಯ್ದು ಸುಮ್ಮನಿರಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಅಗೆಯುವ ಕೆಲಸವೆಲ್ಲ ಅದರ ಮೊದಲು ಮುಗಿಸಿ.

ಹೊರಡುವ ಮುಂಚೆ. ಆ ಮೇಜಿನ ಮೇಲೆ ಪೊಟ್ಟಣಗಳಿವೆ, ನಮ್ಮ ಮನೆಯ ಸೌತೆಯದ್ದೇ. ಒಂದೊಂದರಲ್ಲಿ 25 ಬೀಜ, ಐದು ಗುಂಡಿಗೆ. ದುಡ್ಡು ಬೇಡ. ಆದರೆ ದಾನವಲ್ಲ, ಸಾಲ. ಪುಸ್ತಕ ಒಯ್ಯುವ ಲೆಡ್ಜರಿನಲ್ಲೇ ಹೆಸರು ಬರೆಸಿ. ಕಣಿಗಿಟ್ಟ ಸೌತೆಗಳಲ್ಲಿ ಒಂದನ್ನು ಹುಳಿಗೆ ಕೊಯ್ಯದೆ ತಂದು ಇಲ್ಲಿ, ಈ ಜಂತಿಗೆ ಕಟ್ಟಬೇಕು. ಬಾಳೆನಾರು ನಾನು ತರುತ್ತೇನೆ. ಕೊನೆಯ ತಾರೀಕು ಏಪ್ರಿಲ್ 30. ತಡವಾದರೆ ದಿನಕ್ಕೆ ಐವತ್ತು ಪೈಸೆ ದಂಡ ಎಂದು ಲೆಡ್ಜರಿನ ಮೇಲೆ ಅಚ್ಚಾಗಿದೆ. ಅದು ಸೌತೆಗೂ ಅನ್ವಯ ಎಂದು ಲೈಬ್ರೇರಿಯನ್ ಅಕ್ಕ ಅಲ್ಲಿಂದಲೇ ಸನ್ನೆ ಮಾಡುತ್ತಿದ್ದಾರೆ.